ಕತ್ರಿನವ್ವನ ಎಲೆ

“ಉಗಿ ಮಾರಾಯ್ತಿ, ಉಗಿ! ಇಷ್ಟು ಸಣ್ಣ ಟ್ಯೂಬಿಗೆ ಉಗಿಲಿಕ್ಕೆ ಎಂತ ನಾಚಿಕೆ ನಿಂಗೆ? ನಿಮ್ಮ ಕಾಡಲ್ಲಿ ಎಲೆಯಡಿಕೆ ತಿಂದು ಮರಮರಕ್ಕೆ ಉಗಿಯುದೇ ಅಲ್ವಾ ಕೆಲಸ?”

ಆಲ್ಫೋನ್ಸ್ ಸಾಹೇಬರು ಹೀಗೆಂದಾಗ ಇಡಾ ಸಿದ್ದಿಯ ಒಂದು ಕೈಯಲ್ಲಿ ಪ್ಲಾಸ್ಟಿಕ್ ಟ್ಯೂಬು, ಇನ್ನೊಂದು ಕೈಯಲ್ಲಿ ಅವರ ತಾಯಿಯ ಗಂಜಿ ಬಟ್ಟಲು ಇತ್ತು. ಸಾಹೇಬರ ಹೆಂಡತಿ ವಿನಿಷಾ ಮೇಡಂ ಸೋಫಾದಲ್ಲಿ ಕಾಲು ಮಡಚಿ ಕುಳಿತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು.

“ಇವಳಿಗೆ ಟೆಸ್ಟ್ ಬೇರೆ ಬೇಕಾ ಆಲ್ಫಿ? ತಲೆಕೂದ್ಲು ನೋಡಿದ್ರೆ ಸಾಕಲ್ಲ. ಹಂಡ್ರೆಡ್ ಪರ್ಸೆಂಟ್ ಆಫ್ರಿಕಾ.”

ಅದು ಡಿಎನ್‌ಎ ಟೆಸ್ಟಿನ ಟ್ಯೂಬು. ಎಂಜಲು ತುಂಬಿ ಅಂಚೆಗೆ ಹಾಕಿದರೆ ಆರು ವಾರದಲ್ಲಿ ನಮ್ಮ ಹಿರಿಯರು ಯಾವ ದೇಶದವರು, ಯಾರಿಗೆ ಯಾರು ರಕ್ತಸಂಬಂಧಿ ಎಂದು ಹೇಳಿಬಿಡುತ್ತದಂತೆ. ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಔಷಧಿ ಕಂಪನಿಯೊಂದರಲ್ಲಿ ದೊಡ್ಡ ಕುರ್ಚಿಯಲ್ಲಿದ್ದ ಸಾಹೇಬರಿಗೆ ತಾಯಿಯ ಕಡೆಯವರು ಗೋವೆಯ ಬ್ರಾಹ್ಮಣರಾಗಿದ್ದು, ಆಮೇಲೆ ಕ್ರೈಸ್ತರಾದವರು ಎಂಬ ನಂಬಿಕೆ. ಒಂದು ಹನಿ ಪೋರ್ಚುಗೀಸ್ ರಕ್ತ ಇದ್ದರೂ ಬೇಡವೆನ್ನುತ್ತಿರಲಿಲ್ಲ. ತಾಯಿಯ ಎಂಬತ್ತೈದನೇ ಹುಟ್ಟುಹಬ್ಬಕ್ಕೆ ವಂಶವೃಕ್ಷ ಬರೆಸಿ ದೊಡ್ಡ ಟೀವಿಯಲ್ಲಿ ತೋರಿಸುವ ತಯಾರಿ ನಡೆದಿತ್ತು. ಅದಕ್ಕೆಂದು ನಾಲ್ಕು ಟ್ಯೂಬಿನ ಫ್ಯಾಮಿಲಿ ಪ್ಯಾಕ್ ತರಿಸಿದ್ದರು. ಒಂದು ತಮಗೆ, ಒಂದು ತಾಯಿ ಸಿಸಿಲ್ ಬಾಯಿಗೆ, ಒಂದು ಮೆಲ್ಬರ್ನಿನ ತಮ್ಮ ಸ್ಯಾವಿಯೋನಿಗೆ. ನಾಲ್ಕನೆಯದು ವಿನಿಷಾ ಮೇಡಂಗೆ. ಅವರೋ, ನಮ್ಮ ಮನೆತನ ಊರಿಗೇ ಗೊತ್ತುಂಟು, ನಾನ್ಯಾಕೆ ಉಗಿಯಲಿ ಎಂದುಬಿಟ್ಟರು. ದುಡ್ಡು ಕೊಟ್ಟು ತಂದದ್ದು ದಂಡವಾಗಬಾರದೆಂದು, ಒಂದಿಷ್ಟು ನಗಲಿಕ್ಕೂ ಆಯಿತೆಂದು, ಕೆಲಸದವಳನ್ನು ಕರೆದಿದ್ದರು.

ಇಡಾ ಉಗಿದಳು. ಉಗಿಯಬೇಕಾದ ಕಡೆ ಉಗಿಯಲಾಗದೆ ನುಂಗಿದ್ದೆಲ್ಲ ಬಂತೋ ಏನೋ, ಟ್ಯೂಬು ಒಂದೇ ಸಲಕ್ಕೆ ತುಂಬಿತು.

ಇಡಾಳ ಊರು ಹಳಿಯಾಳದ ಹತ್ತಿರ ಕಾಡಿನಂಚಿನ ಸಿದ್ದಿಗಳ ಕೇರಿ. ಅವಳನ್ನು ಸಿಡ್ನಿಯ ಬ್ಲ್ಯಾಕ್‌ಟೌನ್‌ಗೆ ತಂದದ್ದು ಸಿಸಿಲ್ ಬಾಯಿಯ ಮರೆವು. ಸಿಸಿಲ್ ಬಾಯಿ ಹುಟ್ಟಿ ಬೆಳೆದದ್ದು ಹಳಿಯಾಳದಲ್ಲಿ, ಕಟ್ಟಿಗೆ ಕಂತ್ರಾಟುದಾರ ಪೆದ್ರು ಸಾವ್ಕಾರನ ಮಗಳಾಗಿ. ಮದುವೆಯಾಗಿ ಮಂಗಳೂರು ಸೇರಿ, ಮುಪ್ಪಿನಲ್ಲಿ ಮಗನ ಹಿಂದೆ ಇಲ್ಲಿಗೆ ಬಂದರು. ಮರೆವಿನ ಕಾಯಿಲೆ ಹಿಡಿದ ಮೇಲೆ ಇಂಗ್ಲಿಷ್ ಹೋಯಿತು, ಕೊಂಕಣಿ ಹೋಯಿತು, ಗಂಡನ ಹೆಸರೂ ಹೋಯಿತು. ಉಳಿದದ್ದು ಚಿಕ್ಕಂದಿನ ಹಳಿಯಾಳದ ಕನ್ನಡವೊಂದೇ. ಅದು ಮಂಗಳೂರಿನಲ್ಲಿ ಬೆಳೆದ ಮಕ್ಕಳಿಗೆ ಅರ್ಧವೂ ತಿಳಿಯುತ್ತಿರಲಿಲ್ಲ.

ಆಗ ನೆನಪಾದದ್ದು ಇಡಾ. ಅವಳ ತಾಯಿ ಕತ್ರಿನವ್ವ ಹುಡುಗಿಯಾಗಿದ್ದಾಗ ಅದೇ ಸಾವ್ಕಾರನ ಮನೆಯಲ್ಲಿ ಸಗಣಿ ಬಾಚಿದವಳು. “ಎರಡು ವರ್ಷ ಮಮ್ಮಿಯನ್ನು ನೋಡಿಕೊ, ನಿಂಗೆ ಇಲ್ಲೇ ಕಾಯಂ ಇರ್ಲಿಕ್ಕೆ ಪಿಆರ್ ಮಾಡಿಸಿಕೊಡ್ತೇನೆ” ಎಂದಿದ್ದರು ಸಾಹೇಬರು. ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲೇ ಪಾಸ್‌ಪೋರ್ಟ್ ಇಸಿದುಕೊಂಡಿದ್ದರು. ಈಗ ನಾಲ್ಕು ವರ್ಷ ತುಂಬಿದೆ. ಇಡಾ ಮಲಗುವುದು ಬಟ್ಟೆ ಒಗೆಯುವ ಮಷಿನ್ನಿನ ಪಕ್ಕ. ಇಡಾಳ ಕೊಂಕಣಿ ಕೇಳಿದರೆ ವಿನಿಷಾ ಮೇಡಂಗೆ ನಗು ತಡೆಯುತ್ತಿರಲಿಲ್ಲ, ಹಾಗಾಗಿ ಮನೆಯಲ್ಲಿ ಅವಳೊಂದಿಗೆ ಕನ್ನಡವೇ.

ಹೋದ ನವೆಂಬರಿನಲ್ಲಿ ಕತ್ರಿನವ್ವ ಸತ್ತಳು.

“ನಾ ಹೋಗಿ ಬರ್ತೀನ್ರಿ ಮೇಡಂ. ಹದಿನೈದ ದಿನ ಸಾಕು. ನನ್ನ ಬಿಟ್ರ ಅಕಿಗೆ ಯಾರೂ ಇಲ್ರಿ.”

“ಸತ್ತವಳು ಹೇಗೂ ಸತ್ತಾಯ್ತಲ್ಲ ಇಡಾ. ನೀನು ಹೋಗಿ ಎಂತ ಮಾಡುದುಂಟು? ಇಲ್ಲಿ ಮಮ್ಮಿಯ ಡಯಾಪರ್ ಯಾರು ಬದಲಿಸುದು, ನಾನಾ?”

ಎಂತ ಮಾಡುವುದುಂಟು ಎಂದು ಇಡಾ ಹೇಳಲಿಲ್ಲ. ಹೇಳಿದರೆ ನಗುತ್ತಿದ್ದರು. ಅವಳ ಮನೆಯಲ್ಲಿ ಇಗರ್ಜಿಯ ಪೂಜೆ ಬೇರೆ, ಹಿರಿಯರ ಎಲೆ ಬೇರೆ. ಮೂಲೆಯಲ್ಲಿ ಒಂದು ತೆಂಗಿನಕಾಯಿ ಇಟ್ಟಿರುತ್ತಾರೆ, ಅದೇ ಹಿರಿಯರು. ಯಾರಾದರೂ ಸತ್ತರೆ ವರ್ಷ ತುಂಬುವುದರೊಳಗೆ ಅದರ ಮುಂದೆ ಎಲೆ ಹಾಕಿ ಅನ್ನ ಬಡಿಸಬೇಕು. ಹೊಟ್ಟೆಯ ಮಗಳು ಅಥವಾ ಮಗ ಮೂರು ಸಲ ಹೆಸರು ಹಿಡಿದು ಕರೆಯಬೇಕು. ಸತ್ತವರ ರಕ್ತದವರೇ ಇನ್ನೊಬ್ಬರು ಅವರ ಪರವಾಗಿ ‘ಬಂದೆ’ ಅನ್ನಬೇಕು. ಯಾರೂ ‘ಬಂದೆ’ ಅನ್ನದಿದ್ದರೆ ಆ ಜೀವ ಹೊಸಿಲಾಚೆ ಹಸಿದುಕೊಂಡೇ ನಿಂತಿರುತ್ತದೆ. ಊರಿಗೆ ಹೋದರೆ ಅಜ್ಜಿ ಅನ್ನಿಯ ಕಡೆಯವರು ಯಾರಾದರೂ ‘ಬಂದೆ’ ಅಂದಾರು. ಈ ಬ್ಲ್ಯಾಕ್‌ಟೌನಿನಲ್ಲಿ ಕರೆಯಲು ಅವಳಿದ್ದಳು, ಓಗೊಡಲು ಯಾರಿದ್ದರು?

ಇಂಡಿಯನ್ ಅಂಗಡಿಯಿಂದ ಒಂದು ತೆಂಗಿನಕಾಯಿ ತಂದು ಮಷಿನ್ನಿನ ಹಿಂದೆ ಇಟ್ಟುಕೊಂಡಿದ್ದಳು. ದಿನಾ ಬೆಳಿಗ್ಗೆ ಒಂದು ತೊಟ್ಟು ನೀರು ಚಿಮುಕಿಸಿ, “ತಡಿಯವ್ವಾ, ಬರ್ತೀನಿ” ಎನ್ನುತ್ತಿದ್ದಳು. ಒಂದು ಭಾನುವಾರ ನೋಡಿದರೆ ಕಾಯಿ ಇಲ್ಲ. ಅಡುಗೆಮನೆಗೆ ಓಡಿ ಬಂದಳು. ಕರಟ ಎರಡು ಹೋಳಾಗಿ ಸಿಂಕಿನಲ್ಲಿ ಬಿದ್ದಿತ್ತು, ವಿನಿಷಾ ಮೇಡಂ ಒಲೆಯ ಮುಂದಿದ್ದರು.

“ಅಲ್ಲಿ ಜಿರಲೆ ಆಗುದಿಲ್ವಾ ಮಾರಾಯ್ತಿ? ಕೋಳಿ ಪದಾರ್ಥಕ್ಕೆ ಕಾಯಿ ಸಾಕಾಗ್ಲಿಲ್ಲ, ತುರಿದು ಹಾಕಿದೆ. ನೀನು ಯಾಕೆ ಹಾಗೆ ನೋಡುದು?”

ಆ ದಿನ ಇಡಾ ಕೋಳಿ ಪದಾರ್ಥ ಬಡಿಸಿದಳು, ಪಾತ್ರೆ ತೊಳೆದಳು. ಆಮೇಲೆ ಮಷಿನ್ ಚಾಲೂ ಮಾಡಿ, ಅದರ ಸದ್ದಿನಲ್ಲಿ ಅತ್ತಳು.

ಟ್ಯೂಬುಗಳು ಅಂಚೆಗೆ ಹೋದ ಆರು ವಾರಕ್ಕೆ ಸ್ಯಾವಿಯೋನ ಫೋನು ಬಂತು. ಸಾಹೇಬರು ಊಟದ ಟೇಬಲ್ಲಿನಲ್ಲಿ ಸ್ಪೀಕರ್ ಹಾಕಿದರು. ಇಡಾ ಪಕ್ಕದಲ್ಲೇ ಸಿಸಿಲ್ ಬಾಯಿಗೆ ಗಂಜಿ ಉಣಿಸುತ್ತಿದ್ದಳು.

“ಆಲ್ಫಿ, ರಿಸಲ್ಟ್ ನೋಡಿದ್ಯಾ? ಈ ಇಡಾ ಸಿದ್ದಿ ಅಂದ್ರೆ ನಿಮ್ಮ ಮನೆ ಕೆಲಸದವಳಲ್ವಾ? ಅವಳನ್ನು ಮಮ್ಮಿಗೆ ಕ್ಲೋಸ್ ಫ್ಯಾಮಿಲಿ ಅಂತ ತೋರಿಸ್ತಾ ಉಂಟು. ತಂಗಿಯ ಮಗಳು ಆಗ್ಬೇಕಂತೆ. ನಂಗೂ ನಿಂಗೂ ಕಸಿನ್. ಅಲ್ಲ ಮಾರಾಯ, ನಮ್ಮ ಗ್ರ್ಯಾಂಡ್‌ಪಾ...”

ಸಾಹೇಬರು ಫೋನು ಕಿತ್ತುಕೊಂಡವರ ಹಾಗೆ ಎತ್ತಿಕೊಂಡು ಹಿತ್ತಿಲಿಗೆ ನಡೆದರು. ಗಾಜಿನ ಬಾಗಿಲಾಚೆ ಅವರ ಕೈ ಆಡುವುದಷ್ಟೇ ಕಾಣುತ್ತಿತ್ತು. ವಾಪಸು ಬಂದವರೇ ಇಡಾಳ ಕಡೆ ಬೆರಳು ತೋರಿಸಿದರು. “ಇವಳು ಮಮ್ಮಿಯ ಟ್ಯೂಬ್ ಮುಟ್ಟಿರ್ತಾಳೆ. ಕೊಳಕು ಕೈ. ಎಲ್ಲ ಮಿಕ್ಸ್ ಆಯ್ತು.”

ಇಡಾಳ ಕೈಯ ಚಮಚ ಅಲ್ಲೇ ನಿಂತಿತ್ತು. ಮುದುಕಿ ಬಾಯಿ ತೆರೆದುಕೊಂಡು ಕಾಯುತ್ತಿದ್ದರು.

ಮರುದಿನ ಸ್ನಾನದ ಕುರ್ಚಿಯಲ್ಲಿ ಕೂರಿಸಿ ಕಾಲು ತೊಳೆಯುವಾಗ ಇಡಾ ಆ ಪಾದಗಳನ್ನು ನೋಡಿದಳು. ನಾಲ್ಕು ವರ್ಷ ತೊಳೆದ ಪಾದ, ಇವತ್ತು ಮೊದಲ ಸಲ ನೋಡಿದಂತೆ ನೋಡಿದಳು. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿಕೊಂಡಿತ್ತು. ಅವ್ವನದೂ ಹೀಗೇ ಇತ್ತು, ಎರಡೂ ಕಾಲಲ್ಲಿ.

“ಬಾಯಿ, ಕತ್ರಿನ್ ಯಾರ್ರಿ?”

ಸಿಸಿಲ್ ಬಾಯಿ ಸುತ್ತ ನೋಡಿ ದನಿ ತಗ್ಗಿಸಿದರು. “ಹೇಳಬಾರ್ದು. ಹೇಳಿದ್ರ ಅಪ್ಪ ಬಾರಕೋಲ ತಗೋತಾನ.”

“ನಿಮ್ಮಪ್ಪ ಸತ್ತು ಐವತ್ತ ವರ್ಷ ಆತ್ರಿ. ಹೇಳ್ರಿ.”

“ಹಿತ್ತಲದಾಗ ಇರ್ತಾಳ. ನಾ ಅಕಿಗೆ ನನ್ನ ರೊಟ್ಟಿ ಕೊಡ್ತೀನಿ. ನನ್ನ ತಂಗಿ ಅಕಿ.” ಮುದುಕಿ ಒದ್ದೆ ಬೆರಳನ್ನು ತುಟಿಯ ಮೇಲಿಟ್ಟು ಮಗುವಿನಂತೆ ಕಣ್ಣು ಅರಳಿಸಿದರು.

ಇಡಾ ಆ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ನೀರು ಹಾಗೇ ಬಿಟ್ಟು ಕುಳಿತಳು. ಹೊರಗಿನಿಂದ ವಿನಿಷಾ ಮೇಡಂ ನೀರಿನ ಬಿಲ್ಲಿನ ಬಗ್ಗೆ ಕೂಗುತ್ತಿದ್ದರು.

ಹುಟ್ಟುಹಬ್ಬ ಮೆಲ್ಬರ್ನಿನ ವೆರಿಬೀಯಲ್ಲಿ, ಸ್ಯಾವಿಯೋನ ಹೊಸ ಮನೆಯಲ್ಲಿ. ಒಂಬತ್ತು ತಾಸು ಕಾರಿನಲ್ಲಿ ಮುದುಕಿಯ ತಲೆಯನ್ನು ತನ್ನ ಭುಜಕ್ಕಿಟ್ಟುಕೊಂಡು ಇಡಾ ಕುಳಿತಿದ್ದಳು. ಶನಿವಾರ ಮಧ್ಯಾಹ್ನ ನೆಂಟರೆಲ್ಲ ಸೇರುವ ಹೊತ್ತಿಗೆ ಆಲ್ಫೋನ್ಸ್ ಸಾಹೇಬರು ಅವಳನ್ನು ಗ್ಯಾರೇಜಿಗೆ ಕರೆದು ಒಂದು ಕಾಗದ ಮುಂದೆ ಹಿಡಿದರು. ಕನ್ನಡದಲ್ಲಿ ಟೈಪ್ ಮಾಡಿಸಿದ್ದರು.

“ಟೆಸ್ಟ್ ಡಿಲೀಟ್ ಮಾಡಿ ಆಯ್ತು. ನೀನು ಇದಕ್ಕೊಂದು ಸೈನ್ ಮಾಡು. ಸೋಮವಾರ ಪಾಸ್‌ಪೋರ್ಟ್, ಟಿಕೆಟ್ ಎರಡೂ ನಿನ್ನ ಕೈಯಲ್ಲಿ. ಊರಿಗೆ ಹೋಗ್ಬೇಕು ಅಂತಿದ್ದಿ ಅಲ್ವಾ?”

ಅವ್ವನ ವರ್ಷ ತುಂಬುವುದು ಗುರುವಾರ. ಸೋಮವಾರ ಹೊರಟರೆ ಬುಧವಾರ ಕೇರಿಯಲ್ಲಿರಬಹುದು. ಇಡಾಳ ಕೈ ಪೆನ್ನಿನ ಕಡೆ ಹೋಯಿತು. ಆದರೆ ಅವಳು ಏಳನೇ ಇಯತ್ತೆ ಓದಿದವಳು, ಓದದೆ ಸೈನ್ ಮಾಡುತ್ತಾಳೆಂದು ಸಾಹೇಬರು ಎಣಿಸಿದ್ದರು. ಓದಿದಳು. ‘ಪೆದ್ರು ಸಾವ್ಕಾರರ ಕುಟುಂಬಕ್ಕೂ ನನಗೂ ಯಾವ ಸಂಬಂಧವೂ ಇಲ್ಲ. ನನ್ನ ತಾಯಿ ಕತ್ರಿನ್ ಇವಳ ತಂದೆ ಯಾರೆಂದು ಯಾರಿಗೂ ತಿಳಿದಿರುವುದಿಲ್ಲ.’

ಹಳಿಯಾಳದ ಕಚೇರಿ ಕಣ್ಣಿಗೆ ಬಂತು. ಸಿದ್ದಿ ಎಂಬ ಸರ್ಟಿಫಿಕೇಟಿಗಾಗಿ ಅವ್ವ ಆರು ಸಲ ನಡೆದಿದ್ದಳು. ಅಪ್ಪನ ಹೆಸರಿನ ಜಾಗ ಖಾಲಿ. “ಅಪ್ಪ ಯಾಂವ ಅಂತ ಗೊತ್ತಿಲ್ಲಂದ್ರ ಯಾವ ಜಾತಿ ಅಂತ ಬರಿಲೇ? ಬೇವರ್ಸಿ ಅಂತ ಬರಿಲೇನ?” ಎಂದು ಗುಮಾಸ್ತ ಎಲ್ಲರೆದುರು ಕೇಳಿದ್ದ. ಅವ್ವ ನೆಲ ನೋಡುತ್ತ ನಿಂತಿದ್ದಳು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸಾಯುವವರೆಗೆ ಬಾಯಿ ಬಿಟ್ಟಿರಲಿಲ್ಲ.

“ಇದು ಸುಳ್ಳ ಐತ್ರಿ ಸಾಹೇಬ್ರ.”

“ಸುಳ್ಳಾ? ನಿನ್ನ ಅಜ್ಜಿ ಯಾರ್ಯಾರ ಹತ್ರ ಮಲಗಿದ್ಲೋ ಅದಕ್ಕೆಲ್ಲ ನಮ್ಮ ಗ್ರ್ಯಾಂಡ್‌ಪಾ ಜವಾಬ್ದಾರನಾ? ರಂಡೆಯ ಸಂತಾನಕ್ಕೆ ಈಗ ವಂಶ ಬೇಕಂತೆ! ಊಟ ಮುಗಿಯುವುದರೊಳಗೆ ಸೈನ್ ಆಗ್ಬೇಕು, ಗೊತ್ತಾಯ್ತಾ?”

ಇವನಿಗಿನ್ನು ಸಾಹೇಬ ಎನ್ನುವುದು ಬೇಡ ಎಂದು ಇಡಾಳ ಮನಸ್ಸು ಹೇಳಿತು. ಕಾಗದ ಮಡಚಿಕೊಂಡು ಒಳಗೆ ಹೋದಳು.

ಹಾಲಿನಲ್ಲಿ ಮೂವತ್ತು ಜನ. ಟೀವಿಯಲ್ಲಿ ವಂಶವೃಕ್ಷ ಬೆಳಗುತ್ತಿತ್ತು. ಬುಡದಲ್ಲಿ ಹ್ಯಾಟು ಹಾಕಿದ ಪೆದ್ರು ಸಾವ್ಕಾರನ ಫೋಟೊ, ಅದರಿಂದ ಒಂದೇ ಕೊಂಬೆ, ಕೊಂಬೆಯಲ್ಲಿ ಸಿಸಿಲ್ ಬಾಯಿ. “ಗ್ರ್ಯಾಂಡ್‌ಪಾಗೆ ನಮ್ಮ ಮಮ್ಮಿ ಒಬ್ಬಳೇ ಮಗಳು,” ಎಂದು ಆಲ್ಫೋನ್ಸ್ ಮೈಕಿನಲ್ಲಿ ಹೇಳುತ್ತಿದ್ದ. ಟೇಬಲ್ಲಿನ ತುದಿಯಲ್ಲಿ ವೀಲ್‌ಚೇರಿನಲ್ಲಿ ಮುದುಕಿ ಕಾಗದದ ಟೊಪ್ಪಿಗೆ ಹಾಕಿಕೊಂಡು ಕುಳಿತಿದ್ದರು.

ಇಡಾ ಅಡುಗೆಮನೆಯಿಂದ ಅನ್ನದ ಪಾತ್ರೆ ಹಿಡಿದು ಬಂದಳು. ಬಡಿಸಲು ಬಂದಳೆಂದು ಜನ ದಾರಿ ಬಿಟ್ಟರು. ಅವಳು ಮುದುಕಿಯ ಮುಂದೆ ಆ ಕಾಗದ ಬಿಡಿಸಿ ಹಾಸಿದಳು. ಅಕ್ಷರಗಳ ಮೇಲೆ ಅನ್ನ ಸುರಿದಳು. ಮೇಲೆ ಹಂದಿ ಮಾಂಸದ ಸಾರು ಹಾಕಿದಳು. ಚಪ್ಪಲಿ ಬಿಟ್ಟು ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ಕತ್ರಿನವ್ವಾ! ಅನ್ನಿ ಮಗಳ, ಪೆದ್ರು ಸಾವ್ಕಾರನ ಮಗಳ! ಎಲಿ ಹಾಕೇನಿ, ಉಣ್ಣಾಕ ಬಾ!”

ಮೈಕು ನಿಂತಿತು. “ಏಯ್! ಎಂತ ನಾಟಕ ಇದು?”

“ಕತ್ರಿನವ್ವಾ! ಅನ್ನಿ ಮಗಳ, ಪೆದ್ರು ಸಾವ್ಕಾರನ ಮಗಳ! ಉಣ್ಣಾಕ ಬಾರವ್ವಾ!”

“ಸ್ಯಾವಿಯೋ, ಇವಳನ್ನು ಹೊರಗೆ ಹಾಕು!” ಸ್ಯಾವಿಯೋ ಕದಲಲಿಲ್ಲ. ಟೀವಿಯ ಫೋಟೊ ನೋಡಿದ, ಇಡಾಳನ್ನು ನೋಡಿದ, ಆಮೇಲೆ ತನ್ನ ಬೂಟು ನೋಡತೊಡಗಿದ.

ಮೂರನೇ ಸಲ ಇಡಾಳ ದನಿ ಒಡೆಯಿತು. “ಕತ್ರಿನವ್ವಾ... ಎವ್ವಾ... ಹಸದಿ ಅಲ್ಲೇನ, ಬಾರವ್ವಾ...”

ಹೊರಗೆ ಹುಲ್ಲು ಕತ್ತರಿಸುವ ಮಷಿನ್ನಿನ ಸದ್ದು ಬಂದು ನಿಂತಿತು.

“ಬಂದೆ,” ಎಂದರು ಸಿಸಿಲ್ ಬಾಯಿ.

ನಾಲ್ಕು ವರ್ಷ ಚಮಚ ಹಿಡಿಯಲಾರದೆ ನಡುಗುತ್ತಿದ್ದ ಕೈ ಅನ್ನಕ್ಕೆ ಹೋಯಿತು. ಸಾರಿಗೆ ಕಾಗದ ನೆಂದು ಅಕ್ಷರ ಕದಡಿ ಅನ್ನಕ್ಕೆ ಹತ್ತಿತ್ತು. ಇಡಾ ಕುರ್ಚಿ ಎಳೆದು ಅವರ ಪಕ್ಕ ಕುಳಿತಳು. ಈ ಮನೆತನದ ಯಾವ ಟೇಬಲ್ಲಿನಲ್ಲೂ ಅವಳು ಈವರೆಗೆ ಕುಳಿತವಳಲ್ಲ.

“ಮಮ್ಮಿಗೆ ತಲೆ ಸರಿ ಇಲ್ಲ!” ಆಲ್ಫೋನ್ಸ್ ನೆಂಟರತ್ತ ತಿರುಗಿ ಚೀರಿದ. “ಎಂತ ಹೇಳ್ತಾರೆ ಅಂತ ಅವರಿಗೇ ಗೊತ್ತಿಲ್ಲ. ಏ ಹಡಬೆ, ಪಾಸ್‌ಪೋರ್ಟ್ ಕನಸಲ್ಲೂ ಸಿಗುದಿಲ್ಲ ನಿಂಗೆ!”

ಸಿಸಿಲ್ ಬಾಯಿ ಒಂದು ತುತ್ತು ಕಟ್ಟಿ, ಸುತ್ತ ಹೆದರಿ ನೋಡಿ, ಇಡಾಳ ಬಾಯಿಯ ಹತ್ತಿರ ಹಿಡಿದರು.

“ಉಣ್ಣ ಕತ್ರಿನ್, ಲಗೂನ ಉಣ್ಣ. ಅಪ್ಪ ಬರೂದ್ರಾಗ ಉಣ್ಣ.”

ಇಡಾ ಬಾಯಿ ತೆರೆದಳು. ಹಿಂದಿನಿಂದ ಆಲ್ಫೋನ್ಸ್ ವೀಲ್‌ಚೇರಿನ ಹಿಡಿಕೆ ಹಿಡಿದು ಎಳೆಯುತ್ತಿದ್ದ. ಅವಳು ತನ್ನ ಬರಿಗಾಲನ್ನು ಗಾಲಿಗೆ ಅಡ್ಡ ಕೊಟ್ಟು ಕುಳಿತಿದ್ದಳು.