ಎಡಗಡೆಯ ಪರದೆ

"ಎಡಗಡೆ ಲೇಟು ಕಣೇ," ಎಂದ ಅಣ್ಣ. "ಗಾಡಿ ಬಂದು ಗುದ್ದಿದ ಮೇಲೆ ಕಾಣಿಸುತ್ತೆ."

ಅವನು ಆಡುತ್ತಿದ್ದದ್ದು ಲಾರಿ ಓಡಿಸುವ ಆಟ. ಮೇಜಿನ ಮೇಲೆ ಮೂರು ಮಾನಿಟರ್, ಮೇಜಿನಂಚಿಗೆ ಬಿಗಿದ ಸ್ಟೀರಿಂಗ್, ಕಾಲ ಬಳಿ ಪೆಡಲ್‌ಗಳು. ನಡುವಿನ ಮಾನಿಟರ್ ನೇರವಾಗಿ, ಅಕ್ಕಪಕ್ಕದವು ಸ್ವಲ್ಪ ಒಳಕ್ಕೆ ತಿರುಗಿ, ಕ್ಯಾಬಿನ್‌ನಲ್ಲಿ ಕೂತು ಕಿಟಕಿಗಳಾಚೆ ನೋಡಿದಂತೆ. ಮೂರರಲ್ಲೂ ಸೇರಿ ಒಂದೇ ಅಗಲದ ಚಿತ್ರ ಬರುವಂತೆ ಜೋಡಿಸಿದವಳು ನಾನು. ಹಗಲು ಕೊರಿಯರ್ ಕಚೇರಿಯಲ್ಲಿ ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತೇನೆ. ಕಂಪ್ಯೂಟರ್ ಕಲಿತದ್ದು ಸಂಜೆ ತರಗತಿಯಲ್ಲಿ. ಹಾಗಾಗಿ ಅಣ್ಣನ ಬಾಯಲ್ಲಿ ನಾನು ಇಂಜಿನಿಯರಮ್ಮ.

"ಎಡಗಡೆಯದು ಬೇರೆ ಕಂಪನಿಯದು, ಅಣ್ಣ. ಅದಕ್ಕೇ ಇರಬೇಕು. ತಪ್ಪು ನಂದೇ, ಮೊದಲೇ ನೋಡಬೇಕಿತ್ತು."

"ತಪ್ಪು ನಂದೇ, ತಪ್ಪು ನಂದೇ. ಅದನ್ನೊಂದು ಬೋರ್ಡ್ ಬರೆಸಿ ಕುತ್ತಿಗೆಗೆ ಹಾಕ್ಕೊಂಬಿಡು. ಬಾಯಿಗಾದ್ರೂ ರಜ ಸಿಗುತ್ತೆ."

ಅಣ್ಣ ನಗರ ಬಸ್ಸಿನ ಚಾಲಕ. ಹಿಂದಿನ ತಿಂಗಳು ವಿಪರೀತ ತಲೆನೋವೆಂದು ಕೋಣೆ ಕತ್ತಲು ಮಾಡಿಕೊಂಡು ಮಲಗಿದ್ದ. ಎದ್ದು ಡ್ಯೂಟಿಗೆ ಹೋದ ವಾರವೇ ಡಿಪೋ ಗೇಟಿನ ಎಡಗಡೆಯ ಕಂಬಕ್ಕೆ ಬಸ್ಸನ್ನು ಉದ್ದಕ್ಕೂ ಉಜ್ಜಿದ. ಅಷ್ಟು ವರ್ಷ ಒಂದು ಗೀರೂ ಮಾಡದವನು. ವಿಚಾರಣೆ ಆಗುವವರೆಗೆ ಮನೆಯಲ್ಲಿರು ಎಂದರು. "ಕಂಬ ಪಕ್ಕಕ್ಕೆ ಬಂದಿತ್ತು, ಬೇಕಾದ್ರೆ ಅದನ್ನೂ ವಿಚಾರಣೆಗೆ ಕರೀರಿ," ಎಂದು ಬಂದವರೆದುರೆಲ್ಲ ತಮಾಷೆ ಮಾಡುತ್ತಿದ್ದ. ಆದರೆ ಅತ್ತಿಗೆಯ ಹತ್ತಿರ ಬೇರೆಯದೇ ಹೇಳಿದ್ದ: ಸ್ಟೀರಿಂಗ್ ಬಿಡಿಸಿ ಟಯರ್ ಶೆಡ್ಡಿಗೆ ಹಾಕಿದರೆ ತಾನು ಇರುವುದಿಲ್ಲ ಎಂದು. ಕೆಲಸದಲ್ಲಿ ಇರುವುದಿಲ್ಲ ಎಂದನೋ, ಇರುವುದೇ ಇಲ್ಲ ಎಂದನೋ, ಅತ್ತಿಗೆ ಕೇಳಲಿಲ್ಲ. ನನಗೂ ಅಷ್ಟನ್ನೇ ಹೇಳಿದರು.

ಕೈಗೆ ಜಡ್ಡು ಹಿಡಿಯಬಾರದೆಂದು, ಮುಚ್ಚಿಹೋದ ಯಾವುದೋ ಆಫೀಸಿನ ಮಾನಿಟರ್‌ಗಳನ್ನು ಅವನೇ ಹೊತ್ತು ತಂದ. ಜೋಡಿಸುವ ಕೆಲಸ ನನಗೆ ಬಂತು.

ಮೂರು ಪರದೆಗಳ ಮೇಲೆ ಒಂದು ಆಟವನ್ನು ಸರಿಯಾಗಿ ಓಡಿಸುವುದು ಹೊರಗಿನಿಂದ ಕಂಡಷ್ಟು ಸುಲಭವಲ್ಲ. ಎಷ್ಟೋ ಆಟಗಳನ್ನು ಒಂದೇ ಪರದೆಗೆಂದು ಮಾಡಿರುತ್ತಾರೆ. ಅಗಲವಾಗು ಎಂದರೆ ಚಿತ್ರವನ್ನು ಹಿಡಿದು ಎಳೆದುಬಿಡುತ್ತವೆ, ಪಕ್ಕದ ಗಾಡಿಗಳು ಹಂಡೆಗಳಂತೆ ಊದಿಕೊಳ್ಳುತ್ತವೆ. ಎರಡು ಮಾನಿಟರ್‌ಗಳ ನಡುವಿನ ಚೌಕಟ್ಟಿನ ದಪ್ಪವನ್ನೂ ಅಳೆದು ಕೊಡಬೇಕು. ಕೊಡದಿದ್ದರೆ ಒಂದರಿಂದ ಇನ್ನೊಂದಕ್ಕೆ ದಾಟುವ ರಸ್ತೆಯ ಬಿಳಿ ಗೆರೆ ಮುರಿದು ಮೆಟ್ಟಿಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ನೋಟದ ಕೋನ, ಅಂದರೆ ಕೂತವನ ಕಣ್ಣಿಗೆ ಆಟದ ಜಗತ್ತು ಎಷ್ಟು ಅಗಲ ಕಾಣಬೇಕು ಎಂದು ಹೇಳುವ ಸಂಖ್ಯೆ. ಅದು ಚಿಕ್ಕದಾದರೆ ಕೊಳವೆಯೊಳಗಿಂದ ನೋಡಿದಂತೆ, ದೊಡ್ಡದಾದರೆ ಎಲ್ಲವೂ ದೂರ ಸರಿದು ನಡುವೆ ಮುದ್ದೆಯಾಗುತ್ತದೆ.

ಮೊದಲು ಕೇಬಲ್ ಬದಲಾಯಿಸಿದೆ. ಲೇಟು ಹೋಗಲಿಲ್ಲ. ಆಮೇಲೆ ಎಡಗಡೆಯ ಮಾನಿಟರನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಇಟ್ಟೆ. ಅಣ್ಣ ಒಂದು ಸುತ್ತು ಹೋಗಿ ಬಂದು, "ಎಡಗಡೆ ಹಾಗೇ ಇದೆ," ಎಂದ. ವಸ್ತು ಬದಲಾದರೂ ದೋಷ ಅಲ್ಲೇ ಉಳಿದರೆ ದೋಷ ಆ ವಸ್ತುವಿನದಲ್ಲ ಎಂದು ನಮಗೆ ತರಗತಿಯಲ್ಲಿ ಮೊದಲೇ ಕಲಿಸಿದ್ದರು. ಹಾಗಾದರೆ ಉಳಿದದ್ದು ನಾನು ಬರೆದ ಸಂಖ್ಯೆಗಳು ಎಂದುಕೊಂಡೆ. ಅವುಗಳ ಜೊತೆ ಇನ್ನೂ ಒಂದು ಉಳಿದಿದೆ ಎಂದು ಹೊಳೆಯಲಿಲ್ಲ.

ಕೇಬಲ್ ಅಂಗಡಿಯವನನ್ನು ಎಲ್ಲರೂ ವೈರ್ ಮಾಮ ಎನ್ನುತ್ತಾರೆ. ಅವನ ಹತ್ತಿರ ಹೋಗಿ ಎಲ್ಲ ಹೇಳಿದೆ.

"ನೀನು ಕೂತು ಆಡಿ ನೋಡಿದ್ಯಾ?" ಎಂದ.

"ನೋಡಿದೆ. ನನಗೆ ಸರಿಯಾಗೇ ಕಾಣುತ್ತೆ."

"ಸರಿಯಾಗಿ ಕಂಡ್ರೆ ಸರಿಯಾಗಿದೆ ಅಂತ."

"ಆದ್ರೆ ಮಾಮ, ನನಗೆ ಡ್ರೈವಿಂಗ್ ಗೊತ್ತಿಲ್ವಲ್ಲ. ಅವನಿಗೆ ಗೊತ್ತು."

"ಹೋಗಮ್ಮ ತಾಯಿ," ಎಂದು ಕೈ ಮುಗಿದ. "ನಿಂಗೆ ಕೇಬಲ್ ಅಲ್ಲ, ಧೈರ್ಯ ಬೇಕು. ಅದು ನನ್ನ ಅಂಗಡೀಲಿಲ್ಲ."

ಮನೆಗೆ ಬಂದು ನೋಟದ ಕೋನವನ್ನು ಹಿಗ್ಗಿಸಿದೆ. ಇನ್ನೂ ಹಿಗ್ಗಿಸಿದೆ. ಎಡ ಪರದೆಯಲ್ಲಿ ಇರಬೇಕಾದ ರಸ್ತೆ ಸರಿದು ನಡುವಿನ ಪರದೆಗೆ ಬಂತು. ಲಾರಿಯ ಎಡಗನ್ನಡಿಯನ್ನು ಚಿಕ್ಕ ಚೌಕ ಮಾಡಿ ನಡುವಿನ ಪರದೆಯ ಬಲ ಮೂಲೆಗೆ ತಂದು ಕೂರಿಸಿದೆ. ನೋಡಲು ವಿಕಾರವಾಗಿತ್ತು, ಎಡಗಡೆ ಎನ್ನುವುದನ್ನೇ ಮಡಚಿ ಬಲಕ್ಕೆ ತುರುಕಿದಂತೆ. ಆದರೆ ಅಣ್ಣ ಆಡಿದ, ಯಾವ ಗಾಡಿಗೂ ತಾಗದೆ ಊರಿಂದೂರಿಗೆ ಸರಕು ಮುಟ್ಟಿಸಿದ. ಎದ್ದು ನನ್ನ ತಲೆಗೊಂದು ಮೊಟಕಿದ.

"ಕೊನೆಗೂ ಸರಿ ಮಾಡ್ದೆ ನೋಡು. ಇಷ್ಟು ದಿನ ನಾನೇ ಕೆಟ್ಟಿದ್ದೀನೇನೋ ಅಂದ್ಕೊಂಡಿದ್ದೆ."

ಆ ಮಾತನ್ನು ಅವನು ಇನ್ನೊಮ್ಮೆ ಆಡಲಿಲ್ಲ. ನಾನೂ ಕೆದಕಲಿಲ್ಲ.

ವಿಚಾರಣೆಯಲ್ಲಿ ಡಿಪೋದವರು ಗೋಡೆಯ ಫಲಕದ ಅಕ್ಷರಗಳನ್ನು ಓದಿಸಿದರಂತೆ. ಅಣ್ಣ ಮಗ್ಗಿ ಒಪ್ಪಿಸಿದಂತೆ ಕೊನೆಯ ಸಾಲಿನವರೆಗೂ ಓದಿದ. ಸೋಮವಾರದಿಂದ ಬಾ, ಮಾರುಕಟ್ಟೆ ರೂಟು ಎಂದರು. ಮಾರುಕಟ್ಟೆ ರೂಟಿನಲ್ಲಿ ಜನ ಬಸ್ಸಿನ ಎರಡು ಪಕ್ಕದಿಂದಲೂ ನುಗ್ಗುತ್ತಾರೆ. ಅತ್ತಿಗೆ ಶನಿವಾರವೇ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ ಬಾಗಿಲ ಹಿಂದೆ ತೂಗುಹಾಕಿದರು.

ನನಗೆ ಆ ಮಡಚಿದ ಎಡಗಡೆ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಬಸ್ಸಿನ ಗಾಜು ಯಾವ ಸಂಖ್ಯೆಗೂ ಹಿಗ್ಗುವುದಿಲ್ಲ. ಎಲ್ಲವನ್ನೂ ಮೊದಲಿನಂತೆ ಮಾಡಿ, ಚೌಕಟ್ಟನ್ನು ಮತ್ತೆ ಅಳೆದು, ನಿಜದ ಕೋನದಲ್ಲೇ ಅವನಿಗೆ ಹೊಂದಿಸಬೇಕು ಎಂದು ಭಾನುವಾರ ಬೆಳಿಗ್ಗೆ ಕೂತೆ. ಕೋನವನ್ನು ಮೊದಲಿನದಕ್ಕೆ ತಂದೆ, ಕನ್ನಡಿಯನ್ನು ಅದರ ಜಾಗಕ್ಕೆ ಕಳಿಸಿದೆ. ಅಳೆಯಲು ಅನುಕೂಲವಾಗಲೆಂದು ಎಡಗಡೆಯ ಮಾನಿಟರಿನ ಕೇಬಲ್ ಬಿಚ್ಚಿ ಸುತ್ತಿ ನೆಲದ ಮೇಲಿಟ್ಟೆ. ಅಷ್ಟರಲ್ಲಿ ಕಚೇರಿಯಿಂದ ಕರೆ ಬಂತು, ಪೊಟ್ಟಣಗಳು ರಾಶಿ ಬಿದ್ದಿವೆ, ಕೂಡಲೇ ಬಾ ಎಂದು. ಹಾಗೇ ಎದ್ದು ಹೋದೆ.

ಮಧ್ಯಾಹ್ನ ವಾಪಸು ಬಂದಾಗ ಹೊರಗಿನಿಂದಲೇ ಲಾರಿಯ ಸದ್ದು ಕೇಳಿಸಿತು. ಬಾಗಿಲಲ್ಲಿ ನಿಂತೆ. ಅಣ್ಣ ಬೆನ್ನು ಹಾಕಿ ಕೂತು ಆಡುತ್ತಿದ್ದ. ನಡುವೆ ಹೆದ್ದಾರಿ, ಬಲಕ್ಕೆ ಹೊಲ. ಎಡಗಡೆಯ ಪರದೆ ಕಪ್ಪಾಗಿತ್ತು. ಅದರ ಗಾಜಿನಲ್ಲಿ ಬಾಗಿಲೂ ಅಲ್ಲಿ ನಿಂತ ನನ್ನ ಆಕಾರವೂ ಕಾಣಿಸುತ್ತಿದ್ದವು.

ಹೆಜ್ಜೆ ಸದ್ದಿಗೆ ಅವನು ತಿರುಗದೆಯೇ ಹೇಳಿದ:

"ಬಾರಮ್ಮ, ಇಂಜಿನಿಯರಮ್ಮ. ಏನು ಮಾಡಿದ್ಯೋ ಕಾಣೆ, ಇವತ್ತು ಎಡಗಡೆ ಬೆಣ್ಣೆ. ಒಂಚೂರೂ ಲೇಟಿಲ್ಲ."

ನನ್ನ ಕೈಚೀಲ ಭುಜದಿಂದ ಜಾರಿ ಮೊಣಕೈಗೆ ಬಂದು ನಿಂತಿತು.

"ಎಡಗಡೆ ಈಗ ಏನು ಕಾಣ್ತಿದೆ, ಅಣ್ಣ?"

"ಏನು ಕಾಣುತ್ತೆ? ರಸ್ತೆ, ಬೇಲಿ. ಮತ್ತೇನು, ನಿನ್ನ ತಲೆ?"

ಅತ್ತಿಗೆ ಟೀ ಹಿಡಿದು ಒಳಗಿನಿಂದ ಬಂದರು. ಪರದೆಯನ್ನು ನೋಡಿದರು, ನನ್ನನ್ನು ನೋಡಿದರು.

"ರೀ, ಅದು ಆಫ್ ಆಗಿದೆಯಲ್ಲ?"

"ಯಾವುದು?"

"ಅದು. ನಿಮ್ಮ ಎಡಗಡೆಯದು."

ಅಣ್ಣನ ಕುತ್ತಿಗೆ ತಡೆದು ತಡೆದು ತಿರುಗಿತು. ಎಡಗಡೆ ಎಂಬುದೊಂದಿದೆ ಎಂದು ಯಾರೋ ಹೇಳಿದ ಮೇಲೆ ನೆನಪಾದಂತೆ. ಅವನು ಕಪ್ಪು ಗಾಜನ್ನು ನೋಡಿದ. ಆಟದೊಳಗೆ ಲಾರಿ ರಸ್ತೆ ಬಿಟ್ಟಿಳಿದು ಬೇಲಿಗೆ ಒರಗಿ ನಿಂತಿತು.

"ಈಗ ಕಿತ್ತೆ ನೀನು," ಎಂದ ನನಗೆ.

"ನಾನು ಬಾಗಿಲಲ್ಲೇ ಇದ್ದೀನಿ. ಕೇಬಲ್ ನೆಲದ ಮೇಲಿದೆ ನೋಡು. ಬೆಳಿಗ್ಗೆಯಿಂದ ಹೀಗೇ ಇತ್ತು."

"ಹಾಗಾದ್ರೆ ನಿನ್ನದೇ ಎಡವಟ್ಟು. ನೀನು ಜೋಡಿಸಿದ್ದು ಯಾವತ್ತು ನೆಟ್ಟಗಿತ್ತು? ತಪ್ಪು ನಂದೇ ಅಂತ ನೀನೇ ಹೇಳಿದ್ದು. ಒಂದು ಸಲ ಅಲ್ಲ. ಕೇಳು ನಿಮ್ಮ ಅತ್ತಿಗೇನ."

ಅದು ನಿಜ. ನಾನೇ ಹೇಳಿದ್ದೆ. ಕೇಬಲ್ ಬಗ್ಗೆ ಹೇಳಿದ್ದೆ, ಮಾನಿಟರ್ ಬಗ್ಗೆ ಹೇಳಿದ್ದೆ, ಸಂಖ್ಯೆಗಳ ಬಗ್ಗೆ ಹೇಳಿದ್ದೆ. ಅವನ ಕೈಗೆ ಆ ಮಾತನ್ನು ಕೊಟ್ಟವಳೇ ನಾನು.

"ನಾನು ಜೋಡಿಸಿದ್ದು ಸರಿಯಾಗಿತ್ತು, ಅಣ್ಣ. ಮೊದಲ ದಿನವೇ ಸರಿಯಾಗಿತ್ತು. ನಿನಗೆ ಎಡಗಡೆ ಕಾಣ್ತಿಲ್ಲ. ನಾಳೆ ಬಸ್ ಹತ್ತಬೇಡ."

ಅವನು ಸ್ಟೀರಿಂಗಿನಿಂದ ಕೈ ತೆಗೆಯಲಿಲ್ಲ. "ನನ್ನನ್ನ ಇಳಿಸೋಕೆ ಡಿಪೋದವರು ಸಾಲದು ಅಂತ ಮನೇಲೂ ಒಬ್ಬಳು ಹುಟ್ಟಿಕೊಂಡಳು," ಎಂದ. ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

ಅತ್ತಿಗೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಒತ್ತಿದರು.

"ನಾಳೆ ಒಂದಿನ ಹೋಗಿ ಬರ್ಲಿ. ಸಂಜೆ ನಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ನಿಧಾನಕ್ಕೆ ಹೇಳೋಣ. ಈಗಲೇ ತಡೆದ್ರೆ ಅವರು ಏನು ಮಾಡ್ಕೋತಾರೋ ಅಂತ ನನಗೆ ಭಯ ಕಣೇ."

"ನನಗೂ ಭಯ, ಅತ್ತಿಗೆ. ಆದ್ರೆ ನಾಳೆ ಸಂಜೆವರೆಗೆ ಬಸ್ಸಿನ ಎಡಗಡೆಯಿಂದ ಯಾರೂ ಬರದೆ ಇರಬೇಕಲ್ಲ."

ಅತ್ತಿಗೆ ನನ್ನ ಕೈ ಬಿಟ್ಟರು. ನಲ್ಲಿ ತಿರುಗಿಸಿ, ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದರು.

"ನಿನ್ನ ಲೆಕ್ಕ ಎಷ್ಟೋ ಸಲ ತಪ್ಪಿದೆ."

"ಹೌದು."

"ಇದೂ ತಪ್ಪಿದ್ರೆ? ಅವರ ಕೆಲಸ ಹೋದ ಮೇಲೆ ಗೊತ್ತಾದ್ರೆ?"

"ಡಿಪೋದವರಿಗೆ ನಾನೇ ಹೇಳ್ತೀನಿ," ಎಂದೆ. ಅವರು ಹೇಳು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ಹಿಂಬಾಗಿಲಿನಿಂದ ಬೀದಿಗಿಳಿದೆ.

ಮೂಲೆಯ ಮುಚ್ಚಿದ ಅಂಗಡಿಯ ಜಗಲಿಯ ಮೇಲೆ ಕೂತು ಡಿಪೋ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ಹಿಂದೆ ಟಿವಿಯ ಗದ್ದಲ. ಊಟದ ಮಧ್ಯೆ ಎತ್ತಿದಂತಿತ್ತು. ನಾನು ಹೇಳಿದ್ದರ ತಲೆಬುಡ ಅವರಿಗೆ ತಿಳಿಯಲಿಲ್ಲ. ಮೂರು ಪರದೆ, ಆಟ, ಕೇಬಲ್ ಎಂದೆಲ್ಲ ತಡವರಿಸಿದೆ.

"ನೀವು ಡಾಕ್ಟರಾ?"

"ಅಲ್ಲ ಸರ್. ತಂಗಿ."

"ನೋಡಿ ಅಮ್ಮ, ಮನೆ ಜಗಳನ ಡಿಪೋಗೆ ತರಬೇಡಿ. ಆಟದಲ್ಲಿ ಕಾಣಲಿಲ್ಲ ಅಂತ ನಾನು ಒಬ್ಬ ಡ್ರೈವರನ್ನ ನಿಲ್ಲಿಸೋಕಾಗುತ್ತಾ? ಖಚಿತವಾಗಿ ಗೊತ್ತಾ ನಿಮಗೆ?"

'ಅನ್ಸುತ್ತೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಹೇಳಿದ್ದರೆ ಸಾಕಿತ್ತು. ಅವರು ಊಟಕ್ಕೆ ಮರಳುತ್ತಿದ್ದರು, ನಾನು ಮನೆಗೆ. ಹೇಳಬೇಕಾದದ್ದನ್ನು ಹೇಳಿದವಳೂ ಆಗುತ್ತಿದ್ದೆ.

"ಖಚಿತ, ಸರ್," ಎಂದೆ. "ಬಸ್ ಕೊಡೋ ಮೊದಲು ಡಾಕ್ಟರಿಗೆ ತೋರಿಸಿ. ಓದಿಸೋದು ಸಾಕಾಗಲ್ಲ, ಪಕ್ಕದ ನೋಟ ನೋಡಲಿ. ನಾಳೆ ಏನಾದ್ರೂ ಆದ್ರೆ, ನಾನು ನಿಮಗೆ ಹೇಳಿದ್ದೆ ಅಂತ ಎಲ್ಲರಿಗೂ ಹೇಳ್ತೀನಿ."

ಆ ಕಡೆ ಟಿವಿಯ ಸದ್ದು ನಿಂತಿತು. ನನ್ನ ಹೆಸರು, ಅಣ್ಣನ ಹೆಸರು ಮತ್ತೊಮ್ಮೆ ಕೇಳಿಕೊಂಡರು. ಫೋನ್ ಇಟ್ಟ ಮೇಲೆ, ನನ್ನ ಮಾತು ಸುಳ್ಳಾಗಲಿ, ಎಲ್ಲರೂ ಸೇರಿ ನನಗೆ ಉಗಿಯುವಂತಾಗಲಿ ಎಂದು ಬೇಡಿಕೊಂಡೆ.

ಸೋಮವಾರ ಅಣ್ಣ ಸಮವಸ್ತ್ರದಲ್ಲೇ ಡಾಕ್ಟರ ಕೋಣೆಗೆ ಬಂದ. ಬಸ್ ಹತ್ತುವ ಮೊದಲು ತೋರಿಸಿಕೊಂಡು ಬಾ, ಮನೆಯವರು ಯಾರಾದರೂ ಜೊತೆಯಲ್ಲಿರಲಿ ಎಂದು ಡಿಪೋದವರು ಹೇಳಿದ್ದರು. ಅತ್ತಿಗೆ ಅವನ ಎಡಗಡೆಯ ಕುರ್ಚಿಯಲ್ಲಿ ಕೂತರು, ನಾನು ಬಾಗಿಲ ಬಳಿ ನಿಂತೆ. ಹೊರಡುವಾಗ, "ಅವಳಿಗೂ ಬರೋಕೆ ಹೇಳು, ತಮಾಷೆ ನೋಡಲಿ," ಎಂದು ಅತ್ತಿಗೆಗೆ ಹೇಳಿದ್ದನೇ ಹೊರತು ನನ್ನ ಜೊತೆ ಮಾತಾಡಿರಲಿಲ್ಲ.

ಡಾಕ್ಟರು ಅಕ್ಷರಗಳನ್ನು ಓದಿಸಿದರು. ಅಣ್ಣ ಸರಾಗವಾಗಿ ಓದಿ, ಗೆದ್ದವನಂತೆ ಅಂಗಿಯ ತುದಿ ಎಳೆದುಕೊಂಡ. ಆಮೇಲೆ ಡಾಕ್ಟರು ಸ್ಟೂಲನ್ನು ಎದುರಿಗೆ ಎಳೆದು ಕೂತರು.

"ನನ್ನ ಮೂಗನ್ನೇ ನೋಡ್ತಿರಿ. ಪಕ್ಕದಲ್ಲಿ ಬೆರಳು ಅಲ್ಲಾಡಿದ್ದು ಕಂಡ ತಕ್ಷಣ ಹೇಳಿ."

ಅವರ ಒಂದು ಕೈ ಅಣ್ಣನ ಬಲಕ್ಕೆ ಎದ್ದಿತು.

"ಕಾಣ್ತು."

"ಇಲ್ಲಿ?"

"ಕಾಣ್ತು. ಇದೇನು ಮಹಾ, ಡಾಕ್ಟ್ರೇ?"

ಡಾಕ್ಟರು ಆ ಕೈ ಇಳಿಸಿ ಇನ್ನೊಂದನ್ನು ಎಡಕ್ಕೆ ಎತ್ತಿದರು. ಬೆರಳುಗಳು ಅಲ್ಲಾಡತೊಡಗಿದವು. ಅಣ್ಣ ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ತೊಡೆಯ ಮೇಲಿಟ್ಟು, ಅವರ ಮೂಗನ್ನೇ ನೋಡುತ್ತ ಕೂತ. ಬೆರಳುಗಳು ಹತ್ತಿರ ಬಂದವು. ಅವನ ಕಿವಿಯ ಪಕ್ಕದಲ್ಲೇ ಆಡಿದವು. ಅವನ ಮುಖದಲ್ಲಿ ಹೆದರಿಕೆಯಿರಲಿಲ್ಲ, ಕಾಯುವವನ ತಾಳ್ಮೆಯಿತ್ತು.

"ಹೂಂ, ಶುರು ಮಾಡಿ ಡಾಕ್ಟ್ರೇ," ಎಂದ.

ಡಾಕ್ಟರು ಬೆರಳು ಆಡಿಸುತ್ತಲೇ ಇದ್ದರು. ಅತ್ತಿಗೆ ಕುರ್ಚಿಯಿಂದ ಎದ್ದರು. ಸದ್ದಾಗದಂತೆ ಅಣ್ಣನ ಹಿಂದಿನಿಂದ ಸುತ್ತಿ ಬಂದು, ಅವನ ಬಲಗಡೆ ನಿಂತರು.