ಹೊಳೆಯಲ್ಲಿ ನಿಂತ ಹುಡುಗಿ

"ಒಂದು ಊರು. ಆ ಊರಾಗ ಒಬ್ಬಾಕಿ ಅಗಸರ ಹುಡುಗಿ. ಆಕಿ ಮೂಗಿನ ನತ್ತನ್ನ ಒಂದು ಬೆಳ್ಳಕ್ಕಿ ಕಚಗೊಂಡು ಹೊಳಿ ದಾಟಿ ಹಾರಿ ಹೋತು. ಹುಡುಗಿ ಹಿಂದಽ ಓಡಿದಳು. ಓಡಿ ಓಡಿ ಹೊಳ್ಯಾಗ ಕಾಲಿಟ್ಟಳು..."

ಸಂಗವ್ವ ಮೈಕಿನ ಮುಂದೆ ಅಷ್ಟು ಹೇಳುವುದಕ್ಕೂ, ಹೊರಗೆ ಕಟ್ಟೆಯ ಮೇಲೆ ಕುಳಿತ ದಸ್ತಗೀರಸಾಬರ ಕಿವಿಗೊತ್ತಿದ ಟ್ರಾನ್ಸಿಸ್ಟರಿನಲ್ಲಿ ಸೀಟಿ ಏಳುವುದಕ್ಕೂ ಸರಿಹೋಯಿತು. ಉಸಿರು ತೆಗೆದುಕೊಳ್ಳದ ಉದ್ದನೆಯ ಸೀಟಿ. ಅದರಡಿಯಲ್ಲಿ ಮುದುಕಿಯ ದನಿ ಮುಳುಗಿಹೋಯಿತು. ಗುಡ್ಡದ ಮೇಲಿನ ವಾರ್ಡಿನ ಕಿಟಕಿಯಿಂದ ಕೆಂಪು ಬಟ್ಟೆಯೊಂದು ಹೊರಬಂತು. ಕೆಂಪು ಎಂದರೆ ಕೇಳಿಸುತ್ತಿಲ್ಲ ಎಂದು. ಕೇಳಿಸಿದರೆ ಬಿಳಿ ಟಾವೆಲ್ಲು.

ಖಾನಾಪುರದ ಆ ಕ್ಷಯದ ಆಸ್ಪತ್ರೆಯಲ್ಲಿ ಹೊರಗಿನವರು ಗೇಟಿನ ಕೋಣೆ ದಾಟುವಂತಿರಲಿಲ್ಲ. ಅದಕ್ಕೆಂದೇ ಎರಡು ವರ್ಷದ ಹಿಂದೆ, ಎಪ್ಪತ್ತಾರರಲ್ಲಿ, ಬೆಳಗಾವಿ ಟಿಳಕವಾಡಿಯ ರೇಡಿಯೋ ರಿಪೇರಿಯ ದಸ್ತಗೀರಸಾಬರು ಆ ಕೋಣೆಗೆ ದನಿ ಬಿತ್ತರಿಸುವ ಪೆಟ್ಟಿಗೆಯೊಂದನ್ನು ಕಟ್ಟಿಕೊಟ್ಟಿದ್ದರು. ರವಿವಾರ ಮೂರರಿಂದ ಐದರವರೆಗೆ ಮನೆಯವರು ಇಲ್ಲಿ ಮಾತಾಡಿದರೆ ವಾರ್ಡಿನ ರೇಡಿಯೋದಲ್ಲಿ ಕೇಳುತ್ತಿತ್ತು. ಗುಡ್ಡದಾಚೆ ಹೋಗುವಷ್ಟು ಬಲ ಅದಕ್ಕಿರಲಿಲ್ಲ. ಸಂಗವ್ವನ ಮೊಮ್ಮಗಳು ಗೌರವ್ವ ಏಳು ತಿಂಗಳಿಂದ ಮೇಲಿದ್ದಳು. ಮಂಗಳವಾರ ಅವಳನ್ನು ಆಪರೇಶನ್ನಿಗೆಂದು ಮಿರಜಕ್ಕೆ ಒಯ್ಯುವವರಿದ್ದರು.

ಮುದುಕಿ ಕೋಲೂರಿಕೊಂಡು ಹೊರಗೆ ಬಂದಳು.

"ಐದು ಐತವಾರ ಆದವಪಾ ದಸ್ತಗೀರಾ. ಹುಡುಗಿ ಇನ್ನೂ ಹೊಳ್ಯಾಗಽ ನಿಂತಾಳ. ಆಕಿಗೆ ನೆಗಡಿ ಆದೀತು ಅಂತ ವಾರ್ಡಿನವರು ಚೀಟಿ ಕಳಿಸ್ಯಾರ."

"ಇವತ್ತ ದಾಟಿಸ್ತೀನಿ ಆಯಿ. ಮಾತು ಕೊಟ್ಟೇನಲ್ಲ."

"ನೀ ಕೊಟ್ಟ ಮಾತು ನಾಕಾದವು. ಒಂದಾದ್ರೂ ಗೌರಿ ಕಿವಿಗೆ ಮುಟ್ಟೇತೇನು?" ಎಂದು ಮುದುಕಿ ಪಕ್ಕದಲ್ಲೇ ಕುಳಿತಳು. ಆಮೇಲೆ ದನಿ ತಗ್ಗಿಸಿ, "ನಮ್ಮ ಮನ್ಯಾಗ ಕಥಿ ನಡುವ ಬಿಟ್ಟು ಯಾರೂ ಊರು ಬಿಟ್ಟಿಲ್ಲ. ಆಕಿನ್ನ ಹಂಗ ಕಳಸಾಕ ನನ್ನ ಕೈಲೆ ಆಗಂಗಿಲ್ಲ" ಎಂದಳು.

ದಸ್ತಗೀರಸಾಬರು ಟ್ರಾನ್ಸಿಸ್ಟರನ್ನು ಮತ್ತೆ ಕಿವಿಗೊತ್ತಿದರು. ವಾರದ ಆರು ದಿನ ಅಂಗಡಿ, ಏಳನೆಯ ದಿನ ಇಲ್ಲಿಗೆ ಬರುವ ರೈಲು. "ನಿಮ್ಮ ರಜೆ ಖಾನಾಪುರದಾಗ ಕಳದೈತಿ, ಹುಡುಕ್ಕೊಂಡು ಬರ್ರಿ" ಎಂದು ಹೆಂಡತಿ ಜೈತುನಬೀ ಬೆಳಿಗ್ಗೆ ಬುತ್ತಿ ಕೈಗಿಟ್ಟಿದ್ದಳು. ಪೆಟ್ಟಿಗೆ ಹಚ್ಚಿ ಕಾಲು ಗಂಟೆಯಾದ ಮೇಲೆಯೇ, ಕ್ಷೇಮಸಮಾಚಾರ ಮುಗಿದು ಕಥೆ ಶುರುವಾಗುವಷ್ಟರಲ್ಲಿ, ಸೀಟಿ ಏಳುತ್ತಿದ್ದುದರಿಂದ, ಪೆಟ್ಟಿಗೆ ಕಾದು ಕೆಡುತ್ತಿದೆ ಎಂದು ಅವರು ನಂಬಿದ್ದರು. ಮೊದಲ ವಾರ ವಾಲ್ವು ಬದಲಿಸಿದರು, ಎರಡನೆಯ ವಾರ ತಂತಿಯ ಸುರುಳಿಯನ್ನೇ ಹೊಸದಾಗಿ ಸುತ್ತಿದರು. ನಡುವೆ ಒಂದು ಬುಧವಾರ ಬಂದು ಇಡೀ ಮಧ್ಯಾಹ್ನ ಕೇಳಿದಾಗ ಸೀಟಿಯ ಸುಳಿವೇ ಇರಲಿಲ್ಲ. ಈಗ ಬಿಚ್ಚಲು ಏನೂ ಉಳಿದಿರಲಿಲ್ಲ.

ಬೇಸತ್ತು ಒಳಗೆ ಹೋಗಿ ಪೆಟ್ಟಿಗೆಯನ್ನೇ ಆರಿಸಿದರು. ಸೀಟಿ ನಿಂತಿತು. ಟ್ರಾನ್ಸಿಸ್ಟರಿನ ಮುಳ್ಳು ಮಾತ್ರ ಇದ್ದಲ್ಲೇ ಇತ್ತು. ಆ ಜಾಗದಲ್ಲಿ ಯಾರೋ ಮರಾಠಿ ಅಭಂಗ ಹಾಡುತ್ತಿದ್ದರು.

ದಸ್ತಗೀರಸಾಬರು ಅಲ್ಲೇ ನಿಂತರು. ನಾಲೆಯಾಚೆಯ ಹಂಚಿನ ಕಾರಖಾನೆಗೂ, ಮಣ್ಣಿನ ಗುಂಡಿಯಲ್ಲಿ ದುಡಿಯುವವರು ಹಾಡು ಕೇಳಲೆಂದು, ಅವರೇ ಇನ್ನೊಂದು ಪೆಟ್ಟಿಗೆ ಮಾಡಿಕೊಟ್ಟಿದ್ದರು. ಡಯಲಿನಲ್ಲಿ ಎರಡರ ನಡುವೆ ಹೆಬ್ಬೆರಳಿನಷ್ಟು ಅಂತರ ಬಿಟ್ಟು ಸ್ವಂತ ಕೈಯಿಂದ ಗುರುತು ಹಾಕಿದ್ದರು. ಆ ಗುರುತನ್ನು ನಂಬಿಯೇ ಇಷ್ಟು ವಾರ ಅವರು ನಾಲೆ ದಾಟಿರಲಿಲ್ಲ; ಈಗ ದಾಟಿದರು.

ಕಾರಖಾನೆಯಲ್ಲಿ ಹಾಡು ಹಚ್ಚುವ ಮಾಯಪ್ಪ ಅವರನ್ನು ಕಂಡದ್ದೇ ಎದ್ದು ಬಂದ. "ಬರ್ರಿ ಮಿಸ್ತ್ರಿ, ಛಲೋ ಆತು ಬಂದಿದ್ದು! ಪ್ರತಿ ಐತವಾರ ಮೂರೂಕಾಲಿಗೆ ನಾ ಹಾಡು ಹಚ್ಚೂದಽ ತಡ, ಯಾವುದೋ ಮುದುಕಿ ಸೀಟಿ ಹೊಡಕೋತ ಕಥಿ ಹೇಳತಾಳ."

"ಪೆಟಗಿ ಎಲ್ಲೈತಿ?"

ಮಾಯಪ್ಪ ಅವರನ್ನು ಹಂಚು ಸುಡುವ ಭಟ್ಟಿಯ ಹತ್ತಿರ ಕರೆದೊಯ್ದ. ಶನಿವಾರ ಉರಿ ಹಾಕಿದರೆ ರವಿವಾರ ಮಧ್ಯಾಹ್ನಕ್ಕೆ ಭಟ್ಟಿ ಕೆಂಡವಾಗುತ್ತಿತ್ತು. ಅದರ ಗೋಡೆಯ ಗೂಡಿನಲ್ಲಿ ಉಪ್ಪಿನ ಗಡಿಗೆ, ಕಡ್ಡಿಪೆಟ್ಟಿಗೆ, ಯಾರದೋ ಮಡಿಚಿಟ್ಟ ಧೋತರ. ಅವುಗಳ ನಡುವೆ ಹಾಡು ಬಿತ್ತರಿಸುವ ಆ ಪೆಟ್ಟಿಗೆ. ದಸ್ತಗೀರಸಾಬರು ಮುಟ್ಟಿ ಕೈ ಹಿಂದೆಗೆದುಕೊಂಡರು.

"ಇದನ್ನ ಇಲ್ಲಿ ಯಾರಿಟ್ರೋ?"

"ನಾವಽರೀ. ಮಳಿಗಾಲಲ್ಲ? ತಂಪು ಹಿಡದೀತು ಅಂತ ಜ್ವಾಕಿ ಮಾಡೇವಿ. ಉಪ್ಪು ಸೈತ ನೀರಾಗಿಲ್ಲ ನೋಡ್ರಿ."

ಅಷ್ಟು ಕಾಳಜಿಯಿಂದ ಇಟ್ಟವನನ್ನು ಬೈಯಲು ದಸ್ತಗೀರಸಾಬರಿಗೆ ಬಾಯಿ ಬರಲಿಲ್ಲ. "ಕಾದರ ಒಳಗಿನ ಸುರುಳಿ ಹಿಗ್ಗತೈತಿ ಮಾಯಪ್ಪಾ. ಜಾಗಾ ಬಿಟ್ಟು ಸರೀತೈತಿ, ಸರದು ಬಾಜೂದವರ ಮ್ಯಾಲ ಬೀಳತೈತಿ" ಎಂದಷ್ಟೇ ಹೇಳಿದರು. ಪೆಟ್ಟಿಗೆ ಆರಿಸಿ, ಧೋತರದಲ್ಲಿ ಸುತ್ತಿ, ಇಬ್ಬರೂ ಸೇರಿ ಅದನ್ನು ಹಾಜರಿ ಕೋಣೆಯ ಕಿಟಕಿಗೆ ಒಯ್ದಿಟ್ಟರು.

"ಐದರ ತನಕ ಆರಲಿ. ಹಚ್ಚಬ್ಯಾಡ."

"ಆತ್ರಿ." ಮಾಯಪ್ಪ ತಲೆ ಕೆರೆದುಕೊಂಡ. "ಮಿಸ್ತ್ರಿ, ಆ ಹುಡುಗಿ ಹೊಳಿ ದಾಟಿದಳೇನ್ರಿ?"

"ಇನ್ನೂ ಇಲ್ಲ."

ಮಾಯಪ್ಪ ಹಾಡು ಕೇಳುವ ತನ್ನ ಪುಟ್ಟ ರೇಡಿಯೋದ ಮುಳ್ಳನ್ನು ಆಸ್ಪತ್ರೆಯ ಕಡೆಗೆ ತಿರುಗಿಸತೊಡಗಿದ.

ದಸ್ತಗೀರಸಾಬರು ನಾಲೆ ದಾಟಿ, ಏರು ಹತ್ತಿ ಗೇಟಿಗೆ ಬಂದರು. ನಾಲ್ಕೂ ಇಪ್ಪತ್ತಾಗಿತ್ತು. ಸಂಗವ್ವ ಕಟ್ಟೆಯ ಮೇಲೆ ಕುಳಿತಲ್ಲೇ ತೂಕಡಿಸುತ್ತಿದ್ದಳು.

"ಏಳು ಆಯಿ. ಹೇಳು."

ಅವಳು ಅವರ ಮುಖ ನೋಡಿದಳು. ಕೋಲು ಹಿಡಿದು ಒಳಗೆ ಹೋದಳು. ದಸ್ತಗೀರಸಾಬರು ಪೆಟ್ಟಿಗೆ ಹಚ್ಚಿ, ಹೊರಗೆ ಬಂದು ಕಣ್ಣು ಮುಚ್ಚಿ ಟ್ರಾನ್ಸಿಸ್ಟರ್ ಕಿವಿಗಿಟ್ಟರು.

"ಹೊಳ್ಯಾಗ ನಿಂತಿದ್ದಳಲ್ಲ ಹುಡುಗಿ, ಎದಿಮಟ ನೀರು ಬಂತು. ಬರಲಿ ಅಂದಳು. ದಾಟಿದಳು. ಆ ದಂಡ್ಯಾಗ ಬೆಳ್ಳಕ್ಕಿ ಗೂಡು. ಗೂಡಿನಾಗ ಮೂರು ತತ್ತಿ, ತತ್ತಿ ನಡುವ ನತ್ತು. ತಗೊಂಡರ ತತ್ತಿ ಉರುಳತಾವ. ಹುಡುಗಿ ಅಲ್ಲೇ ಕುಂತಳು. ತತ್ತಿ ಒಡದು ಮರಿ ಹೊರಗ ಬರೂತನಕ ಕುಂತಳು. ಆಮ್ಯಾಲ ನತ್ತು ಇಟಗೊಂಡು, ಬಂದ ದಾರಿ ಹಿಡದು ಮನಿಗೆ ಬಂದಳು. ಕೇಳಿದಿ, ಗೌರೀ? ಮನಿಗೆ ಬಂದಳು."

ಕಥೆ ಮುಗಿಯಿತು. ಮುದುಕಿ ಬಾಗಿಲ ಚೌಕಟ್ಟು ಹಿಡಿದು ಗುಡ್ಡದ ಕಡೆ ನೋಡಿದಳು. ದಸ್ತಗೀರಸಾಬರೂ ಕಣ್ಣು ತೆರೆದರು. ಜಿಟಿಜಿಟಿ ಮಳೆ ಶುರುವಾಗಿತ್ತು. ಮೇಲೆ ಕಿಟಕಿಯಲ್ಲಿ ಬಿಳಿ ಟಾವೆಲ್ಲು ತೂಗುತ್ತಿತ್ತು. ತೊಯ್ದು ಭಾರವಾಗುತ್ತಿದ್ದರೂ ಅದನ್ನು ಯಾರೂ ಒಳಗೆ ಎಳೆದುಕೊಳ್ಳಲಿಲ್ಲ.