ನಾಲ್ಕನೇ ಪರೀಕ್ಷೆ

ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿದ್ದೆ ಅಷ್ಟೆ, ಕೆಳಗಿನ ಮನೆಯ ಅತ್ತಿಗೆ ಬಾಗಿಲಿಗೆ ಬಂದರು. "ಸಿಸ್ಟರೇ, ನಮ್ಮನೆಯವರು ನಾಳೆ ಸ್ಕ್ಯಾನಿಂಗಿಗೆ ಹೋಗಲ್ಲ ಅಂತ ಕೂತಿದ್ದಾರೆ. ನೀವಾದ್ರೂ ಹೇಳಿ." ನರ್ಸ್ ಆದವಳಿಗೆ ಮನೆಯಲ್ಲೂ ಡ್ಯೂಟಿ ತಪ್ಪದು. ಎದ್ದು ಹೋದೆ.

ಅವರ ಗಂಡನನ್ನು ಬೀದಿಯವರೆಲ್ಲ ಶೀಟಣ್ಣ ಅನ್ನುತ್ತಾರೆ. ಮೂವತ್ತು ವರ್ಷ ಕಲ್ನಾರಿನ ಶೀಟು, ಅಂದರೆ ಆಸ್ಬೆಸ್ಟಾಸ್, ಕೊಯ್ದು ಚಾವಣಿ ಹೊದಿಸಿದವರು. ಈಗ ಎರಡು ಮೆಟ್ಟಿಲಿಗೆ ಏದುಸಿರು. ಆ ಧೂಳಿನಿಂದಲೇ ಶ್ವಾಸಕೋಶದ ಹೊದಿಕೆಗೆ ಕ್ಯಾನ್ಸರ್ ಎಂದು ಡಾಕ್ಟರು ಹೇಳಿ ವಾರವಾಗಿತ್ತು.

"ಯಾಕಣ್ಣ, ಹೋಗಲ್ವಂತೆ?"

"ಎಕ್ಸ್‌ರೇ ತೆಗೆದ್ರು, ಒಂದನೇ ಸ್ಟೇಜು. ಸಿಟಿ ಸ್ಕ್ಯಾನು, ಎರಡು. ಸೂಜಿ ಚುಚ್ಚಿ ಚೂರು ತೆಗೆದ್ರು, ಮೂರು. ನಾಳೇದು ನಾಲ್ಕು. ನಾಲ್ಕನೇ ಸ್ಟೇಜು ಅಂದ್ರೆ ಕಥೆ ಮುಗೀತಲ್ಲ! ನಾನು ಮೂರರಲ್ಲೇ ಇರ್ತೀನಿ ಬಿಡಮ್ಮ."

ನಗುವೂ ಬಂತು, ಅಳುವೂ ಬಂತು. "ಅಯ್ಯೋ ಅಣ್ಣಾ, ಯಾರು ಹೇಳಿದ್ರು ಈ ಲೆಕ್ಕ?"

"ಯಾಕೆ, ನನಗೆ ಎಣಿಸೋಕೆ ಬರಲ್ವಾ?"

"ಪರೀಕ್ಷೆ ಎಣಿಸಿದ್ರೆ ಸ್ಟೇಜು ಗೊತ್ತಾಗಲ್ಲಣ್ಣ. ಶೀಟು ಸೋರಿದ್ರೆ ನೀವು ಮೊದಲು ಹತ್ತಿ ನೋಡಲ್ವಾ, ಬಿರುಕು ಒಂದೇ ಕಡೆ ಇದ್ಯಾ, ಪಕ್ಕಕ್ಕೂ ಹೋಗಿದ್ಯಾ ಅಂತ? ಡಾಕ್ಟರೂ ಹಾಗೇನೇ. ಗಡ್ಡೆ ಹೊದಿಕೆಯಲ್ಲೇ ಇದ್ಯಾ, ಹತ್ತಿರದ ಗ್ರಂಥಿಗೆ ಹೋಗಿದ್ಯಾ, ದೂರದ ಅಂಗಕ್ಕೆ ಹರಡಿದ್ಯಾ ಅಂತ ನೋಡ್ತಾರೆ. ದೂರ ಹರಡಿದ್ರೆ ಮಾತ್ರ ನಾಲ್ಕು. ಅದು ತಿಳೀದೆ ಆಪರೇಷನ್ನಾ, ಔಷಧಿನಾ ಅಂತ ಹೇಗೆ ಹೇಳ್ತಾರೆ?"

"ನಾಲ್ಕೇ ಬಂದ್ರೆ?"

ಸುಳ್ಳು ಹೇಳಲೂ ನನಗೆ ತ್ರಾಣವಿರಲಿಲ್ಲ. "ವಾಸಿ ಆಗುತ್ತೆ ಅಂತ ನಾನು ಹೇಳಲ್ಲ. ಆದ್ರೆ ಉಸಿರು ಹಗುರ ಮಾಡೋಕೆ, ನೋವು ತಗ್ಗಿಸೋಕೆ ಆಗಲೂ ದಾರಿ ಇದೆ. ನೋಡದೆ ಕೂತ್ರೆ ರೋಗ ನಿಲ್ಲುತ್ತಾ?"

ಅತ್ತಿಗೆ ಸೆರಗು ಬಾಯಿಗೆ ಹಿಡಿದು ಕೆಮ್ಮಿದರು.

"ಅತ್ತಿಗೆ, ಇವರ ಕೆಲಸದ ಬಟ್ಟೆ ಯಾರು ಒಗೀತಿದ್ರು?"

"ಇನ್ಯಾರು? ನಾನೇ. ಧೂಳು ಚೆನ್ನಾಗಿ ಕೊಡವಿ ನೆನೆಸ್ತಿದ್ದೆ."

ಶೀಟಣ್ಣ ತಟ್ಟನೆ ಹೆಂಡತಿಯ ಕಡೆ ತಿರುಗಿದರು. "ಈ ಕೆಮ್ಮು ಎಷ್ಟು ದಿನದ್ದೇ?"

"ಎರಡು ತಿಂಗಳದ್ದು. ನಿಮ್ಮದರ ಮುಂದೆ ನಂದೇನು ಮಹಾ."

ಶೀಟಣ್ಣ ಗೋಡೆ ಹಿಡಿದು ಎದ್ದರು. ಫೈಲು ತಂದು ನನ್ನ ಕೈಗಿಟ್ಟರು. "ಬೆಳಿಗ್ಗೆ ಎಷ್ಟೊತ್ತಿಗೆ ಹೊರಡಬೇಕಮ್ಮ? ಇವಳ ಹೆಸರೂ ಬರೆಸು."

ಅಣ್ಣಂದಿರೇ, ಅಕ್ಕಂದಿರೇ, ಕಲ್ನಾರಿನ ಧೂಳು ಒಳಹೊಕ್ಕು ಮೂವತ್ತು ವರ್ಷದ ಮೇಲೂ ಕಾಡಬಹುದು. ಆ ಶೀಟು ಕೊಯ್ದಿದ್ದರೆ, ಆ ಬಟ್ಟೆ ಒಗೆದಿದ್ದರೆ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಹೇಳಿದ ಪರೀಕ್ಷೆ ಒಂದನ್ನೂ ಬಿಡಬೇಡಿ. ನಿಮ್ಮ ಮನೆಯವರ ಕೆಮ್ಮು ಎಷ್ಟು ದಿನದ್ದೆಂದು ಇವತ್ತೇ ಕೇಳಿ.